ಎದುರಾಳಿಗೆ ನನ್ನ ಜಾವೆಲಿನ್ ಕೊಡಬೇಕಾ?

ಎದುರಾಳಿಗೆ ಜಾವೆಲಿನ್ ಕೊಡಬೇಕಾ ಅಂತ ನೀವು ಕೇಳಿದ್ದು ಓದಿದೆ. ಮಾವ ಕೊಡಿಸಿದ ಹೊಸ ಜಾವೆಲಿನ್, ಜೊತೆಗೆ ಅಭ್ಯಾಸ ಮಾಡುವ ಹುಡುಗಿಯ ಮನೆಯಲ್ಲಿ ಕಷ್ಟ, ರಾಜ್ಯಮಟ್ಟದ ಕೂಟ ಹತ್ತಿರ, ಕೊಟ್ಟರೆ ಅವಳೇ ಗೆದ್ದುಬಿಟ್ಟರೆ ಅನ್ನೋ ಭಯ. ಅಲ್ವಾ? ನನಗೆ ಕೊಡಿಸಿದ್ದು ಮಾವ ಅಲ್ಲ, ಅಪ್ಪ. ಉಳಿದದ್ದೆಲ್ಲ ಇದೇ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಪಿಯುಸಿಯಲ್ಲಿ ಜಾವೆಲಿನ್ ಎಸೆಯುತ್ತಿದ್ದವರು ನಾವಿಬ್ಬರೇ. ಅವಳಿಗೆ ಅಪ್ಪ ಇರಲಿಲ್ಲ. ಅಡಿಕೆ ಕೊಯ್ಲಿನ ಕಾಲ ಬಂದರೆ ಅಮ್ಮನ ಜೊತೆ ರಾತ್ರಿ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಬೆಳಿಗ್ಗೆ ಮೈದಾನಕ್ಕೆ ಬಂದಾಗ ಬೆರಳೆಲ್ಲ ಕಪ್ಪು, ಕಣ್ಣೆಲ್ಲ ಕೆಂಪು. ಎಸೆಯುತ್ತಿದ್ದದ್ದು ಬಿದಿರಿನ ಜಾವೆಲಿನ್. ಯಾಕಂದರೆ ಕಾಲೇಜಿನಲ್ಲಿದ್ದ ಒಂದೇ ಒಂದು ಲೋಹದ್ದು ಸೊಟ್ಟಗಾಗಿತ್ತು. ಆದರೂ ಅವಳು ಅಭ್ಯಾಸ ತಪ್ಪಿಸಿದ್ದು ನನಗೆ ನೆನಪಿಲ್ಲ.

ಅಪ್ಪ ಬೆಂಗಳೂರಿನ ಅಂಗಡಿಯಿಂದ ಫೋನ್ ಮಾಡಿ "50 ಅಂತ ಬರೆದದ್ದು ಇದೆ, 70 ಅಂತ ಬರೆದದ್ದೂ ಇದೆ, ಯಾವುದು ತರಲಿ?" ಅಂತ ಕೇಳಿದರು. ನಾನು ಯೋಚನೆಯೇ ಮಾಡದೆ 70 ಅಂದೆ.

ಇಲ್ಲೇ ನಾನು ಕೆಟ್ಟದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಹೆಂಗಸರ ಜಾವೆಲಿನ್ ತೂಕ 600 ಗ್ರಾಂ. ಅದು ಎಲ್ಲದಕ್ಕೂ ಒಂದೇ. ಮೇಲೆ ಬರೆದ ನಂಬರ್ ಅದು ಎಷ್ಟು ದೂರ ಹೋಗುತ್ತೆ ಅನ್ನೋದಲ್ಲ, ಎಷ್ಟು ದೂರ ಎಸೆಯುವವರಿಗೆ ಅಂತ ಮಾಡಿದ್ದು ಅನ್ನೋದು. ದೊಡ್ಡ ನಂಬರಿನದ್ದು ಬಿಗಿಯಾಗಿರುತ್ತದೆ, ಬಳುಕುವುದು ಕಡಿಮೆ. ನಿಮ್ಮ ಬಲ ಸರಿಯಾಗಿ ತುದಿಯ ನೇರಕ್ಕೆ ಹೋದರೆ ಮಾತ್ರ ಅದು ಹಾರುತ್ತದೆ. ಕೋನ ಸ್ವಲ್ಪ ತಪ್ಪಿದರೂ ತುದಿ ಮೊದಲು ತಾಗದೆ ಫ್ಲಾಟ್ ಬೀಳುತ್ತದೆ, ತಪ್ಪಿದ ಬಲದ ಏಟು ತಿರುಗಿ ನಿಮ್ಮ ಕೈಗೇ. ಸಣ್ಣ ನಂಬರಿನದ್ದು ಬಳುಕುತ್ತದೆ, ಸಣ್ಣಪುಟ್ಟ ತಪ್ಪು ಇದ್ದರೂ ಗಾಳಿಯಲ್ಲಿ ತೇಲುತ್ತದೆ. ನಾನು ಆಗ 40 ಮೀಟರ್ ಕೂಡ ದಾಟಿರಲಿಲ್ಲ. ನನಗ್ಯಾಕೆ ಬೇಕಿತ್ತು 70?

ಅದೊಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅವಳ ಕಣ್ಣಿಗೆ ಬೀಳಬಾರದು ಅಂತ ಅದನ್ನು ಬಚ್ಚಿಟ್ಟೆ. (ಎರಡು ಮೀಟರಿಗಿಂತ ಉದ್ದದ ವಸ್ತು. ಅಡಿಕೆ ಅಟ್ಟ ಬಿಟ್ಟರೆ ಜಾಗವೇ ಇರಲಿಲ್ಲ.) ಅಭ್ಯಾಸದ ಹೊತ್ತೂ ಬದಲಾಯಿಸಿದೆ, ಜಾಗವೂ ಬದಲಾಯಿಸಿದೆ. ನನಗೊಂದು ಚಾಳಿ ಇತ್ತು. ಸುಸ್ತಾದ ಹಾಗೆ ಮೊಣಕೈ ಭುಜಕ್ಕಿಂತ ಕೆಳಗೆ ಇಳಿಯುತ್ತಿತ್ತು. ಎಸೆಯುವವಳಿಗೆ ಅದು ಗೊತ್ತಾಗುವುದಿಲ್ಲ, ಹಿಂದೆ ನಿಂತವರಿಗೆ ಕಾಣುತ್ತದೆ. ಅಲ್ಲಿಯತನಕ "ಕೈ ಇಳೀತು ಕಣೇ" ಅಂತ ಕೂಗುತ್ತಿದ್ದವಳು ಅವಳೇ. ಅವಳೂ ಇಲ್ಲ, ಕೈಯಲ್ಲಿ ಬಿಗಿ ಜಾವೆಲಿನ್ ಬೇರೆ. ಮೊಣಕೈಯ ಒಳಬದಿ ನೋಯತೊಡಗಿತು. ಎಣ್ಣೆ ಹಚ್ಚಿ ಮತ್ತೆ ಎಸೆದೆ.

ಕೂಟ ಬಂತು, ಬೆಂಗಳೂರಿನ ಕಂಠೀರವದಲ್ಲಿ. ನನ್ನ ಜಾವೆಲಿನ್ ಪರೀಕ್ಷೆಗೆ ಕೊಟ್ಟೆ. ಗುರುತು ಹಾಕಿದವರು ಅದನ್ನು ವಾಪಸ್ ನನ್ನ ಕೈಗೆ ಕೊಡಲಿಲ್ಲ, ಉಳಿದವುಗಳ ಜೊತೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ನಿಯಮವೇ ಹಾಗೆ. ಒಬ್ಬರು ತಂದದ್ದು ಪಾಸಾಯಿತೆಂದರೆ ಆ ಸ್ಪರ್ಧೆಯಲ್ಲಿರುವ ಯಾರು ಬೇಕಾದರೂ ಎತ್ತಿ ಎಸೆಯಬಹುದು. ಪೋಲ್ ವಾಲ್ಟಿನ ಕೋಲಿಗೆ ಮಾತ್ರ ಒಡೆಯರ ಒಪ್ಪಿಗೆ ಬೇಕು. ಅವಳು ಬಂದು ನನ್ನದನ್ನೇ ಎತ್ತಿಕೊಂಡಳು. ಯಾರದ್ದು ಅಂತ ಅವಳಿಗೆ ಗೊತ್ತೂ ಇರಲಿಲ್ಲ. ಒಂದು ಸಲ ಎಸೆದಳು, ಫ್ಲಾಟ್ ಬಿತ್ತು. "ಇದು ನಮಗಲ್ಲ ಕಣೇ, ಬಿಗಿ ಜಾಸ್ತಿ" ಅಂತ ನನಗೇ ಹೇಳಿ, ಕೂಟದವರು ಇಟ್ಟಿದ್ದ ಮೆತ್ತನೆಯದ್ದು ತೆಗೆದುಕೊಂಡಳು. ಅದರಲ್ಲೇ ಕಂಚು ಗೆದ್ದಳು. ನಾನು ಮೂರನೇ ಎಸೆತಕ್ಕೆ ಕೈ ಹಿಡಿದುಕೊಂಡು ಕೂತೆ. ಆಮೇಲೆ ಡಾಕ್ಟರು, ಫಿಸಿಯೋ, ಅಪ್ಪನ ದುಡ್ಡು ಎಲ್ಲ ಆಯಿತು. ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. ಈಗ ಹೈಸ್ಕೂಲಿನಲ್ಲಿ ಪಿ.ಇ. ಟೀಚರ್.

ಆದ್ದರಿಂದ "ಕೊಡಬೇಕಾ ಬೇಡ್ವಾ" ಅನ್ನೋ ಪ್ರಶ್ನೆಯೇ ನನಗೆ ಸರಿ ಅನ್ನಿಸುವುದಿಲ್ಲ. ನೀವು ಅದನ್ನು ಕೂಟಕ್ಕೆ ಒಯ್ದರೆ ಅವತ್ತು ಹೇಗೂ ಅದು ನಿಮ್ಮೊಬ್ಬರದ್ದಾಗಿ ಉಳಿಯುವುದಿಲ್ಲ. ಟೋಕಿಯೊ ಒಲಿಂಪಿಕ್ಸ್ ಫೈನಲ್ ನೆನಪಿದೆಯಾ, 2021ರದ್ದು? ನೀರಜ್ ಚೋಪ್ರಾ ತನ್ನ ಜಾವೆಲಿನ್ ಹುಡುಕಿದರೆ ಅದು ಪಾಕಿಸ್ತಾನದ ಅರ್ಷದ್ ನದೀಮ್ ಕೈಯಲ್ಲಿತ್ತು. ಕೇಳಿ ಇಸಿದುಕೊಂಡು ಎಸೆದರು. ಆಮೇಲೆ ನಮ್ಮ ಜನ ನದೀಮರನ್ನು ಬಯ್ಯತೊಡಗಿದಾಗ ನೀರಜ್ ವಿಡಿಯೊ ಮಾಡಿ, ಯಾರ ಜಾವೆಲಿನ್ ಯಾರಾದರೂ ಬಳಸಬಹುದು, ನನ್ನ ಹೆಸರಲ್ಲಿ ಗಲಾಟೆ ಬೇಡ ಅಂದರು. 2024ರ ಮಾರ್ಚಿನಲ್ಲಿ ನದೀಮ್ ತನ್ನ ಹಳೇ ಜಾವೆಲಿನ್ ಹಾಳಾಗಿದೆ, ಹೊಸದು ಸಿಗುತ್ತಿಲ್ಲ ಅಂದಾಗಲೂ, ಅಂಥವನಿಗೆ ಈ ಗತಿ ಬರಬಾರದು ಅಂತ ದನಿ ಎತ್ತಿದ್ದು ಇದೇ ನೀರಜ್. ಅದೇ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದರು. ನೀರಜ್ 89.45, ಬೆಳ್ಳಿ.

ನೋಡಿ, ನಿಮ್ಮ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಅವಳು ಗೆಲ್ಲಬಹುದು. ಗೆದ್ದರೆ ಗೆಲ್ಲಲಿ. ಅವಳ ಜೊತೆ ಗೆಳೆತನ ಮಾಡಿ ಅಂತಲೂ ಹೇಳುತ್ತಿಲ್ಲ. ನದೀಮ್ ಮತ್ತು ತಾನು ಅಷ್ಟೇನೂ ಆಪ್ತರಲ್ಲ ಅಂತ ನೀರಜ್ ಆಮೇಲೆ ಹೇಳಿದ್ದೂ ಉಂಟು.

ಮಾಡುವುದಿಷ್ಟು. ಜಾವೆಲಿನ್ ಅವಳಿಗೆ ದಾನ ಮಾಡಬೇಡಿ, ಮೈದಾನಕ್ಕೆ ತನ್ನಿ. ಒಂದು ನೀವು ಎಸೆಯಿರಿ, ಒಂದು ಅವಳು. ಎಸೆಯದವರು ಹಿಂದೆ ನಿಂತು ಮೊಣಕೈ ನೋಡಲಿ, ಮೊಬೈಲ್‌ನಲ್ಲಿ ಸ್ಲೋ ಮೋಷನ್ ತೆಗೆಯಲಿ. ಇನ್ನೊಂದು ಮಾತು. ಅವಳಿಗೆ ನಿಜವಾಗಿ ಕಷ್ಟ ಇರುವುದು ಜಾವೆಲಿನ್‌ಗೋ ಬೇರೆ ಏನಕ್ಕೋ, ಕೇಳಿ ತಿಳಿದುಕೊಳ್ಳಿ. ನನ್ನ ಜೊತೆಯವಳಿಗೆ ಬೇಕಿದ್ದದ್ದು ಬಸ್ ಚಾರ್ಜು ಮತ್ತು ರಾತ್ರಿ ನಿದ್ದೆ. ಅಂಥದ್ದಾದರೆ ನೀವೊಬ್ಬರೇ ಹೊರಬೇಡಿ, ನಿಮ್ಮ ಪಿ.ಇ. ಸರ್ ಕಿವಿಗೆ ಹಾಕಿ. ಕ್ರೀಡಾ ಹಾಸ್ಟೆಲ್ ಆಯ್ಕೆ, ವಿದ್ಯಾರ್ಥಿವೇತನದ ಅರ್ಜಿ ಎಲ್ಲ ಅವರಿಗೆ ಗೊತ್ತಿರುತ್ತದೆ, ಕೇಳುವವರು ಬೇಕು ಅಷ್ಟೇ.

ಅದಕ್ಕೂ ಮೊದಲು, ಇವತ್ತೇ ನಿಮ್ಮ ಜಾವೆಲಿನ್ ಮೇಲಿನ ನಂಬರ್ ನೋಡಿ. ನೀವು ಎಸೆಯುವ ದೂರಕ್ಕಿಂತ ತುಂಬಾ ಜಾಸ್ತಿ ಇದ್ದರೆ, ಬಿಲ್ ಇಟ್ಟುಕೊಂಡಿದ್ದರೆ, ಮಾವನಿಗೆ ಹೇಳಿ ಬದಲಾಯಿಸಿಕೊಂಡು ಬನ್ನಿ.