ಯೂಟ್ಯೂಬಲ್ಲಿ ಸಿಗೋದಕ್ಕೆ ಮ್ಯೂಸಿಯಂ ತನಕ ಯಾಕೆ ಹೋಗ್ಬೇಕು?

ದಾವಣಗೆರೆಯ ಓದುಗರೊಬ್ಬರ ಪತ್ರ. ಬೆಂಗಳೂರಿನ ಆರ್ಟ್ ಮ್ಯೂಸಿಯಂ ಒಂದಕ್ಕೆ ಪೇಂಟಿಂಗ್ ನೋಡೋಣ ಅಂತ ಹೋದ್ರೆ ಅವತ್ತು ಆಡಿಟೋರಿಯಂನಲ್ಲಿ ಕಲಾವಿದರ ಮೇಲಿನ ಡಾಕ್ಯುಮೆಂಟರಿ ಹಾಕಿದ್ರಂತೆ. ಇಂಥವೆಲ್ಲ ಯೂಟ್ಯೂಬಲ್ಲೇ ಸಿಗಲ್ವಾ, ಫೋಟೋಗ್ರಾಫರ್ ಕಥೆ ಗೊತ್ತಾದ ಮಾತ್ರಕ್ಕೆ ಫೋಟೋ ಜಾಸ್ತಿ ಅರ್ಥ ಆಗುತ್ತಾ ಅಂತ ಕೇಳಿದ್ದಾರೆ.

ಸರ್, ನಿಮ್ಮ ಸಿಟ್ಟಲ್ಲಿ ಅರ್ಧ ನ್ಯಾಯ ಇದೆ. ಇಂಥ ಎಷ್ಟೋ ಸಿನಿಮಾ ಬರೀ ಹೊಗಳಿಕೆ, ಹಿನ್ನೆಲೆಗೆ ಕೊಳಲು, ಪುಸ್ತಕದ ಬೀರು ಮುಂದೆ ಕೂತ ನಾಲ್ಕು ಜನ ಮೇಧಾವಿಗಳು, ಮುಗಿಯೋ ಹೊತ್ತಿಗೆ ಒಂದು ಚಿತ್ರಾನೂ ಹತ್ತು ಸೆಕೆಂಡು ನೆಟ್ಟಗೆ ತೋರಿಸಿರಲ್ಲ. ಅಂಥದ್ದಾದ್ರೆ ಎದ್ದು ಬನ್ನಿ, ಪಾಪ ಏನೂ ಬರಲ್ಲ.

ಆದ್ರೆ 1956ರಲ್ಲಿ ಕ್ಲೂಜೋ ಅನ್ನೋ ಫ್ರೆಂಚ್ ಡೈರೆಕ್ಟರ್ ಪಿಕಾಸೋ ಮೇಲೆ ಮಾಡಿದ ಸಿನಿಮಾ ನೋಡಿ. ಕಾಗದದ ಆಚೆ ಕಡೆಗೂ ಇಳಿಯೋ ಇಂಕ್ ಕೊಟ್ಟು, ಕ್ಯಾಮೆರಾನ ಕಾಗದದ ಹಿಂದೆ ಇಟ್ಟಿದ್ದಾರೆ, ಹಾಗಾಗಿ ಕೈಯೂ ಕಾಣಲ್ಲ, ಬ್ರಷ್ಷೂ ಕಾಣಲ್ಲ, ಗೆರೆ ತಾನೇ ತಾನಾಗಿ ಓಡ್ತಾ ಇರುತ್ತೆ. ಹೂಗುಚ್ಛ ಅಂತ ಅಂದ್ಕೊಂಡಿದ್ದು ಮೀನಾಗುತ್ತೆ, ಮೀನು ಹುಂಜ ಆಗುತ್ತೆ, ಹುಂಜ ಕೊನೆಗೆ ಒಂದು ಮುಖ. ಗೋಡೆ ಮೇಲಿನ ಚಿತ್ರದಲ್ಲಿ ನಮಗೆ ಸಿಗೋದು ಆ ಕೊನೇ ಮುಖ ಮಾತ್ರ, ಅದರ ಕೆಳಗೆ ಹೂತು ಹೋದ ಮೀನು ಹುಂಜ ಯಾರಿಗೆ ಕಾಣ್ಬೇಕು? ಇದನ್ನ ಫೋನಲ್ಲಿ ನೋಡಿದ್ರೆ ಗೆರೆ ಬೆರಳುದ್ದಾನೂ ಇರಲ್ಲ.

ಇನ್ನೊಂದು, ಸತ್ಯಜಿತ್ ರಾಯ್ 1972ರಲ್ಲಿ ತಮ್ಮ ಶಾಂತಿನಿಕೇತನದ ಚಿತ್ರಕಲೆ ಮೇಷ್ಟ್ರು ಬಿನೋದ್ ಬಿಹಾರಿ ಮುಖರ್ಜಿ ಬಗ್ಗೆ ಮಾಡಿದ್ದು, ಇಪ್ಪತ್ತು ನಿಮಿಷದ್ದು ಅಷ್ಟೇ. ಮೇಷ್ಟ್ರಿಗೆ ಹುಟ್ಟಿದಾಗಿಂದ್ಲೇ ದೃಷ್ಟಿ ಕಮ್ಮಿ, ಐವತ್ತು ದಾಟಿದ ಮೇಲೆ ಕಣ್ಣಿನ ಆಪರೇಶನ್ ಕೈಕೊಟ್ಟು ಪೂರ್ತಿ ಹೋಯ್ತು, ಆದ್ರೂ ಕೆಲಸ ಬಿಡ್ಲಿಲ್ಲ, ಮುಟ್ಟಿ ಮುಟ್ಟಿ ಪೇಪರ್ ಕತ್ತರಿಸಿ ಚಿತ್ರ ಮಾಡಿದ್ರು. ಶಾಂತಿನಿಕೇತನದ ಹಿಂದಿ ಭವನದಲ್ಲಿ ಅವರು ಬರೆದ ಸಂತರ ಭಿತ್ತಿಚಿತ್ರ ಇದೆ, ಗೋಡೇನ ಕಿತ್ಕೊಂಡು ಯಾವ ಮ್ಯೂಸಿಯಂಗೂ ತರೋಕಾಗಲ್ಲ ನೋಡಿ, ಸಿನಿಮಾನೇ ತರ್ಬೇಕು.

ಕ್ಯಾಮೆರಾ ಮುಂದೆ ನಿಂತಿದ್ದಕ್ಕೆ ಕಲಾವಿದರೂ ಬೆಲೆ ತೆರಬೇಕಾಗಬಹುದು ಅನ್ನೋದನ್ನ ಮರೀಬೇಡಿ. 1950ರ ಚಳೀಲಿ ಪೇಂಟ್ ಚೆಲ್ಲಿ ಚಿತ್ರ ಮಾಡ್ತಿದ್ದ ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್‌ನ ಹೊರಗೆ ನಿಲ್ಲಿಸಿ, ಗಾಜಿನ ಮೇಲೆ ಪೇಂಟ್ ಚೆಲ್ಲಿಸಿ, ಫೋಟೋಗ್ರಾಫರ್ ಹಾನ್ಸ್ ನಮೂತ್ ಕೆಳಗಿಂದ ಶೂಟ್ ಮಾಡಿದ್ರು. ಶೂಟಿಂಗ್ ಮುಗಿದ ದಿನಾನೇ, ಸುಮಾರು ಎರಡು ವರ್ಷದಿಂದ ಬಿಟ್ಟಿದ್ದ ಕುಡಿತ ಪೊಲಾಕ್ ಮತ್ತೆ ಶುರು ಹಚ್ಕೊಂಡ್ರು. ಆ ಸಿನಿಮಾನ ಮಾರನೇ ವರ್ಷ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲೇ ತೋರಿಸಿದ್ರು, ಅಂದ್ರೆ ಮ್ಯೂಸಿಯಂನಲ್ಲಿ ಸಿನಿಮಾ ಅನ್ನೋದು ಇವತ್ತಿನ ಫ್ಯಾಷನ್ ಅಲ್ಲ.

ಇನ್ನು ಫೋಟೋಗ್ರಾಫರ್ ವಿಷಯ. ವಿವಿಯನ್ ಮೇಯರ್ ಶಿಕಾಗೋದಲ್ಲಿ ಬೇರೆಯವರ ಮಕ್ಕಳನ್ನ ನೋಡ್ಕೊಳ್ತಿದ್ದ ಹೆಂಗಸು, ಒಂದು ಲಕ್ಷಕ್ಕೂ ಜಾಸ್ತಿ ಫೋಟೋ ತೆಗೆದು ಹೆಚ್ಚುಕಮ್ಮಿ ಯಾರಿಗೂ ತೋರಿಸದೆ ಇದ್ದವರು, 2007ರಲ್ಲಿ ಅವರ ಸಾಮಾನು ಹರಾಜಾದಾಗ ನೆಗೆಟಿವ್ ಹೊರಗೆ ಬಂತು. ಅವರ ಮೇಲಿನ 2013ರ ಡಾಕ್ಯುಮೆಂಟರಿ ಅರ್ಧದಿಂದ ಆಚೆಗೆ ನನಗಂತೂ ಕಟ್ಟೆ ಹರಟೆ ಅನ್ನಿಸ್ತು, ಅವರ ಸ್ವಭಾವ ಹೀಗೆ ಹಾಗೆ ಅಂತ. ಅದಿಲ್ಲದೆಯೂ ಫೋಟೋ ನಿಲ್ಲುತ್ತೆ. ಆದ್ರೆ ಅವರು ಹಿಡೀತಿದ್ದದ್ದು ರೋಲಿಫ್ಲೆಕ್ಸ್, ಹೊಟ್ಟೆ ಹತ್ರ ಇಟ್ಕೊಂಡು ಮೇಲಿಂದ ಬಗ್ಗಿ ನೋಡೋ ಕ್ಯಾಮೆರಾ, ಅದಕ್ಕೇ ಅವರ ಫೋಟೋದಲ್ಲಿ ದೊಡ್ಡೋರು ಸ್ವಲ್ಪ ಎತ್ತರಕ್ಕೆ, ಮಕ್ಕಳು ಸರಿಸಮ ಕಾಣ್ತಾರೆ. ಇದು ತಿಳಿದ ಮೇಲೆ ಪ್ರಿಂಟ್ ಮುಂದೆ ಹೋಗಿ ನಿಂತ್ರೆ, ಆಕೆ ಎಲ್ಲಿ ನಿಂತಿದ್ರು ಅಂತ ಲೆಕ್ಕ ಹಾಕೋಕೆ ಬರುತ್ತೆ, ನನಗೆ ಬೇಕಾಗಿದ್ದು ಅಷ್ಟೇ.