ಆರು ತಿಂಗಳಾಯ್ತು, ಆಡ್ಲಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಅದಕ್ಕೇ ಜಾಗ ಜಾಸ್ತಿ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ವಯಸ್ಸು 22. ಮೊಣಕಾಲಿನ ಎಸಿಎಲ್ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಒಳಗಿನ ಪಟ್ಟಿ) ಹರಿದು ಆಪರೇಷನ್ ಆಗಿ ಆರು ತಿಂಗಳಾಯ್ತು. ನೋವಿಲ್ಲ, ಬಾವಿಲ್ಲ. ದಿನಾ ಬೆಳಗ್ಗೆ ಲೇಲೆ ಮೈದಾನದಲ್ಲಿ ಐದು ಕಿಲೋಮೀಟರ್ ಓಡುತ್ತೇನೆ. ಮುಂದಿನ ತಿಂಗಳು ಫುಟ್‌ಬಾಲ್ ಟೂರ್ನಮೆಂಟ್ ಇದೆ. ಸ್ವೀಡನ್ನಿನ ಫುಟ್‌ಬಾಲ್ ಆಟಗಾರ ಇಬ್ರಾಹಿಮೊವಿಚ್ ಏಳು ತಿಂಗಳಲ್ಲೇ ಆಡಿದ್ದ ಅಲ್ವಾ? (ಟಿಳಕವಾಡಿ, ಬೆಳಗಾವಿ)

ಬೇಡ ತಮ್ಮಾ.

ಈ ಐದು ಕಿಲೋಮೀಟರ್ ಕಥೆ ಕೇಳಿ ಕೇಳಿ ನನಗೆ ಸಾಕಾಗಿದೆ. ನಿನ್ನ ಲಿಗಮೆಂಟ್ ಹರಿದದ್ದು ನೇರ ಓಡುವಾಗಲಾ? ಹೆಚ್ಚಿನವರಿಗೆ ಅದು ಎದುರಾಳಿಯ ಏಟಿನಿಂದಲೂ ಹರಿಯುವುದಿಲ್ಲ. ಓಡುತ್ತ ಗಕ್ಕನೆ ನಿಂತಾಗ, ಕಾಲು ಊರಿ ಮೈ ತಿರುಗಿಸಿದಾಗ, ಜಿಗಿದು ತಲೆಯಿಂದ ಚೆಂಡು ಹೊಡೆದು ಒಂಟಿ ಕಾಲ ಮೇಲೆ ಇಳಿದಾಗ ಹರಿಯುತ್ತದೆ. ಗಾಯದಿಂದ ಎದ್ದವನಿಗೆ ದಮ್ಮು ಬೇಗ ಬರುತ್ತದೆ, ಬ್ರೇಕ್ ಹಾಕುವ ಶಕ್ತಿ ತಡವಾಗಿ. ವೃತ್ತಿಪರ ಆಟಗಾರ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಬಹುಪಾಲು ನಡಿಗೆ, ಜಾಗಿಂಗ್ ಅಷ್ಟೆ. ಮೊಣಕಾಲಿನ ಪರೀಕ್ಷೆ ಉಳಿದ ಸ್ವಲ್ಪದರಲ್ಲೇ ಇದೆ.

ಇನ್ನು ಒಳಗಿನ ಸಂಗತಿ. ನಿನಗೆ ಹಾಕಿರುವುದು ಲಿಗಮೆಂಟ್ ಅಲ್ಲ, ಬೇರೆ ಕಡೆಯಿಂದ ತೆಗೆದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಅದು ಮೊದಲ ಕೆಲವು ತಿಂಗಳು ಇನ್ನಷ್ಟು ಬಲಹೀನವಾಗಿ, ಆಮೇಲೆ ನಿಧಾನಕ್ಕೆ ಲಿಗಮೆಂಟ್ ಥರ ಆಗುತ್ತದೆ. ಇದಕ್ಕೆ ವರ್ಷದ ಮೇಲೂ ಬೇಕು. ನೋವಿಲ್ಲ ಅಂದರೆ ಗಟ್ಟಿಯಾಗಿದೆ ಅಂತಲ್ಲ. 9 ತಿಂಗಳಿಗೆ ಮೊದಲು ಆಟಕ್ಕಿಳಿದವರಲ್ಲಿ ಮತ್ತೆ ಗಾಯವಾಗುವುದು ತುಂಬಾ ಜಾಸ್ತಿ. 25ರೊಳಗಿನವರು ಆಟಕ್ಕೆ ಮರಳಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಸಿಎಲ್ ಮತ್ತೆ ಹರಿಯುತ್ತದೆ. ಅದೇ ಕಾಲಲ್ಲಿ, ಇಲ್ಲವೇ ಚೆನ್ನಾಗಿದ್ದ ಕಾಲಲ್ಲಿ.

ಇಬ್ರಾಹಿಮೊವಿಚ್ 2017ರ ಏಪ್ರಿಲ್‌ನಲ್ಲಿ ಬಿದ್ದು ನವೆಂಬರ್‌ನಲ್ಲಿ ಬಂದ, ನಿಜ. ಆ ಸೀಸನ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡಿದ್ದು 7 ಪಂದ್ಯ, ಹೊಡೆದದ್ದು 1 ಗೋಲು. ಅದನ್ನು ಯಾರೂ ಹೇಳುವುದಿಲ್ಲ. ಲಿವರ್‌ಪೂಲ್ ಕ್ಲಬ್ಬಿನ ವ್ಯಾನ್ ಡೈಕ್‌ಗೆ 2020ರ ಅಕ್ಟೋಬರ್‌ನಲ್ಲಿ ಗಾಯವಾಯಿತು. ಯುರೋ ಕಪ್ಪನ್ನೂ ಬಿಟ್ಟ. ಲೀಗ್ ಪಂದ್ಯಕ್ಕೆ ಇಳಿದದ್ದು 2021ರ ಆಗಸ್ಟ್‌ನಲ್ಲಿ. ದಿನವಿಡೀ ಫಿಜಿಯೊಥೆರಪಿಸ್ಟ್ ಜೊತೆಗೇ ಇರುವವನಿಗೇ ಹತ್ತು ತಿಂಗಳು.

ಒಂಟಿ ಕಾಲಲ್ಲಿ ಜಿಗಿಯುವ ಪರೀಕ್ಷೆ ಮಾಡಿಸಿದ್ದೀಯಾ? ಗಾಯದ ಕಾಲು ಇನ್ನೊಂದರ 90 ಶೇಕಡಾ ಆದರೂ ಜಿಗಿಯಬೇಕು. ಇಲ್ಲೂ ಮೋಸವಿದೆ. ಆರು ತಿಂಗಳು ಆಟವಿಲ್ಲದೆ ಒಳ್ಳೆ ಕಾಲೂ ಸೊರಗಿರುತ್ತದೆ. ಸೊರಗಿದ್ದರ 90 ಶೇಕಡಾ ತಗೊಂಡು ಏನು ಮಾಡ್ತೀಯ? ಅದೂ ಅಲ್ಲದೆ, ಸೊಂಟ, ಕಣಕಾಲಿನ ಬಲದಿಂದಲೇ ದೂರ ಜಿಗಿದು ಮೊಣಕಾಲಿನ ಬಲಹೀನತೆಯನ್ನು ಬಚ್ಚಿಡುವ ಹುಡುಗರಿದ್ದಾರೆ. ಅದಕ್ಕೇ ತೊಡೆಯ ಬಲವನ್ನು ಮಶೀನಿನಲ್ಲಿ ಬೇರೆಯಾಗಿ ಅಳೆಸಬೇಕು.

ನಾನು ಇಷ್ಟು ಹೆದರುವುದಕ್ಕೆ ಕಾರಣವಿದೆ. ಹಿಂದೊಮ್ಮೆ ಏಳನೇ ತಿಂಗಳಲ್ಲಿ ಒಬ್ಬ ಹುಡುಗನಿಗೆ ನಾನೇ ಹೂಂ ಅಂದಿದ್ದೆ. ಅವನ ಅಪ್ಪ, ಕೋಚ್ ಇಬ್ಬರೂ ಬಂದು ಕೂತಿದ್ದರು. ಎರಡನೇ ಪಂದ್ಯದಲ್ಲಿ, ಮಳೆಗೆ ನೆನೆದ ಮೈದಾನದಲ್ಲಿ, ಅದೇ ಮೊಣಕಾಲು ಹೋಯಿತು. ಆಮೇಲೆ ಯಾರ ಒತ್ತಾಯಕ್ಕೂ ಬಗ್ಗಿಲ್ಲ.

ಆಟಕ್ಕೆ ಮರಳುವ ದಾರಿ ಹೀಗೆ. ಮೊದಲು ವೇಗದ ನೇರ ಓಟ. ಆಮೇಲೆ ಗೊತ್ತಿದ್ದ ದಿಕ್ಕಿಗೆ ತಿರುಗುವುದು, ಬಳಿಕ ಯಾರೋ ಕೂಗಿದ ಕಡೆಗೆ ಥಟ್ಟನೆ ತಿರುಗುವುದು. ಅದು ಸರಿಯಾದರೆ ತಂಡದ ಜೊತೆ ಕೆಲವು ವಾರ ಪೂರ್ತಿ ಅಭ್ಯಾಸ. ಪಂದ್ಯಕ್ಕೆ ಬಂದರೂ ಕೊನೆಯ 15 ನಿಮಿಷಕ್ಕೆ ಸಬ್ಸ್ಟಿಟ್ಯೂಟ್ ಆಗಿ ಬಾ.

ಪ್ರಶ್ನೆ: ಮೊಣಕಾಲಿಗೆ ಬಿಗಿ ಪಟ್ಟಿ (ನೀ-ಕ್ಯಾಪ್) ಹಾಕ್ಕೊಂಡು ಆಡಿದರೆ? (ಬಾಗಲಕೋಟೆ)
ಧೈರ್ಯ ಬರುತ್ತದೆ, ಲಿಗಮೆಂಟ್ ಬರುವುದಿಲ್ಲ.

ಪ್ರಶ್ನೆ: ಎಣ್ಣೆ ತಿಕ್ಕಿ, ಎಳೆದು ಕಟ್ಟುವವರು 15 ದಿನದಲ್ಲಿ ವಾಸಿ ಮಾಡ್ತೇವೆ ಅಂತಾರೆ. (ವಿಜಯಪುರ)
ಪೂರ್ತಿ ಹರಿದ ಎಸಿಎಲ್ ತಿಕ್ಕಿದರೆ ಕೂಡುವುದಿಲ್ಲ. ಬಾವು ಬಂದ ಮೊಣಕಾಲನ್ನು ಎಳೆಯುವವರ ಕೈಗೆ ಕೊಡಬೇಡಿ. ಅಂಥವರು ಕೆಡಿಸಿ ಕಳಿಸಿದ ಕಾಲುಗಳನ್ನು ನಾನು ನೋಡುತ್ತಲೇ ಇದ್ದೇನೆ.

ಪ್ರಶ್ನೆ: ನೋವಿನ ಇಂಜೆಕ್ಷನ್ ತಗೊಂಡು ಫೈನಲ್ ಒಂದೇ ಆಡ್ಲಾ? (ಬೆಳಗಾವಿ ಕ್ಯಾಂಪ್)
ಇಲ್ಲ. ಇದನ್ನೇ ಮತ್ತೆ ಬರೆದು ಕಳಿಸಬೇಡಿ.