ಲಾರಿ ಓಡಿಸೋ ಖುಷಿ ಹೋಗಿದ್ದರೆ ಮೊದಲು ನಿದ್ದೆ ನೋಡಿ

ಬೆಂಗಳೂರು–ಮುಂಬೈ ಲೈನಿನಲ್ಲಿ ಎರಡನೇ ದಿನಕ್ಕೇ ಬೇಜಾರು, ಸಿಡುಕು ಅಂದಿದ್ದೀರಿ. ರಾತ್ರಿಯೆಲ್ಲ ಓಡಿಸಿ ಮಧ್ಯಾಹ್ನ ಬಿಸಿ ಕ್ಯಾಬಿನ್‌ನಲ್ಲಿ ಮಲಗುತ್ತೀರಲ್ವಾ, ಬಹುಶಃ ಅದೇ ಕಾರಣ. ನನಗೂ ಹೀಗೇ ಆಗಿತ್ತು. (ಎಸಿ ಕ್ಯಾಬಿನ್ ಕಡ್ಡಾಯ ಆಗಿದ್ದು 2025ರ ಅಕ್ಟೋಬರ್‌ನಿಂದ ತಯಾರಾದ ಲಾರಿಗಳಿಗೆ ಮಾತ್ರ, ಹಳೇ ಗಾಡಿಯವರಿಗೆ ಕಷ್ಟವೇ.)

ಮೊದಲು ಓನರ್ ಹತ್ತಿರ ಮಾತಾಡಿ, ಡೆಲಿವರಿಗೆ ನಾಲ್ಕೈದು ಗಂಟೆ ಜಾಸ್ತಿ ಕೇಳಿ. ಆಮೇಲೆ ರಾತ್ರಿ 1ರಿಂದ 5ರವರೆಗೆ ಸ್ಟಿಯರಿಂಗ್ ಮುಟ್ಟಲೇಬೇಡಿ. ಮೈ ಅತಿ ಹೆಚ್ಚು ನಿದ್ದೆ ಕೇಳುವ ಹೊತ್ತು ಅದು, ತಂಪೂ ಇರುತ್ತದೆ. ರಾತ್ರಿ ಎಂಟಕ್ಕೆ ನೆಲಮಂಗಲ ಬಿಟ್ಟರೆ ಚಿತ್ರದುರ್ಗದ ಆಸುಪಾಸಿನಲ್ಲಿ, ಬೇರೆ ಲಾರಿಗಳು ನಿಂತಿರುವ ಬೆಳಕಿನ ಜಾಗ ನೋಡಿ ಮಲಗಿ. ಬೆಳಗ್ಗೆ ಎದ್ದು ಹೊರಟರೆ ಗಾಳಿಯಂತ್ರಗಳ ಗುಡ್ಡ, ದಾವಣಗೆರೆ ಬಯಲು, ಎಲ್ಲ ಕಣ್ಣಿಗೆ ಬೀಳುತ್ತವೆ. ರಸ್ತೆಯ ಸುಖ ಇರುವುದೇ ಅಲ್ಲಿ.

ಮಧ್ಯಾಹ್ನ ಹುಬ್ಬಳ್ಳಿ ಕಡೆ ಖಾನಾವಳಿಯಲ್ಲಿ ರೊಟ್ಟಿ, ಪಲ್ಯ ತಿನ್ನಿ, ಅನ್ನ ಕಡಿಮೆ. ಹತ್ತು ನಿಮಿಷ ನಡೆಯಿರಿ. ಮನೆಗೆ ಫೋನ್, ಗಾಡಿ ನಿಲ್ಲಿಸಿದಾಗಲೇ.

ಎರಡು ಮೂರು ಟ್ರಿಪ್ ಹೀಗೆ ಮಾಡಿಯೂ ತೂಕಡಿಕೆ ಬಂದರೆ, ಜೊತೆಗೆ ಗೊರಕೆಯೂ ಇದ್ದರೆ, ಬೇರೆ ಕಾರಣ ಇರಬಹುದು. ಡಾಕ್ಟರ್ ಹತ್ತಿರ ಹೋಗಿ ನಿದ್ದೆ ಪರೀಕ್ಷೆ ಬೇಕಾ ಅಂತ ಕೇಳಿ.